ರಿಸೆಟ್ ಮಾಡುವ ಮೊದಲು ಒಂದು ಮಾತು ಕೇಳ್ಬಾರ್ದಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇರುವ ಚಿಕ್ಕಮ್ಮನ ಮೊಬೈಲಲ್ಲಿದ್ದದ್ದೆಲ್ಲ ರಿಪೇರಿ ಅಂಗಡಿಯವ ಕೇಳದೆ ಅಳಿಸಿದ ವಿಷಯ ಬರೀತಿದ್ದೇನೆ. ನಮ್ಮ ಬಿಲ್ಡಿಂಗಲ್ಲೇ ಇನ್ನಿಬ್ಬರಿಗೆ ಇದೇ ಆಗಿದೆ ಅಂತ ಗೊತ್ತಾದ ಮೇಲೆ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ.

ಚಿಕ್ಕಮ್ಮನಿಗೆ 71 ವರ್ಷ, ಕುಂದಾಪುರದ ಕಡೆಯವರು. ಮದುವೆ ಮನೆಯಲ್ಲಿ ಹೇಳುವ ಶೋಭಾನೆ ಹಾಡುಗಳು ಅವರಿಗೆ ಅಜ್ಜಿಯಿಂದ ಬಾಯಿಪಾಠ ಬಂದದ್ದು, ಬರೆದಿಟ್ಟದ್ದು ಎಲ್ಲೂ ಇಲ್ಲ. ಎರಡು ವರ್ಷದಿಂದ ನೆನಪಾದಾಗೆಲ್ಲ ಮೊಬೈಲಿನ ರೆಕಾರ್ಡರಲ್ಲಿ ಹಾಡಿ ಇಡ್ತಿದ್ರು, ಹೆಚ್ಚಿನದು ಅಡುಗೆಮನೆಯಲ್ಲೇ, ಹಾಡಿನ ನಡುವೆ ಕುಕ್ಕರ್ ಸೀಟಿ ಕೇಳ್ತದೆ, ಒಂದರಲ್ಲಿ ಸಾಲು ಮರ್ತುಹೋಗಿ "ತಡಿ ತಡಿ, ಹಾಗಲ್ಲ ಅದು" ಅಂತ ಮತ್ತೆ ಮೊದಲಿಂದ ಶುರು ಮಾಡಿದ್ದೂ ಉಂಟು. ಅರವತ್ತಕ್ಕಿಂತ ಜಾಸ್ತಿ ಹಾಡು ಇತ್ತು.

ಫೋನ್ ಹ್ಯಾಂಗ್ ಆಗ್ಲಿಕ್ಕೆ ಶುರುವಾಯ್ತು. ನಾನು ಆಫೀಸಲ್ಲಿದ್ದೆ, ಅವರೇ ಸ್ಟೇಷನ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಕೊಟ್ರು. ಹುಡುಗ ಅರ್ಧ ಗಂಟೆ ಅಂದ, 200 ರೂಪಾಯಿ ತಗೊಂಡ, ಫೋನ್ ಹೊಸದರ ಹಾಗೆ ಓಡ್ತಿತ್ತು. ಸಂಜೆ ನಾನು ಮನೆಗೆ ಬಂದಾಗ ಚಿಕ್ಕಮ್ಮ ರೆಕಾರ್ಡರ್ ತೆಗೆದು ನನ್ನ ಮುಂದೆ ಹಿಡಿದ್ರು, "ಇದ್ರಲ್ಲಿ ಇದ್ದದ್ದೆಲ್ಲ ಎಲ್ಲಿಗೆ ಹೋಯ್ತು ಮಗಾ?" ಫ್ಯಾಕ್ಟರಿ ರಿಸೆಟ್ ಮಾಡಿದ್ದ, ಅಂದ್ರೆ ಒಳಗಿದ್ದದ್ದೆಲ್ಲ ಅಳಿಸಿ ಫೋನನ್ನು ಹೊಸದರ ಹಾಗೆ ಖಾಲಿ ಮಾಡಿದ್ದ. ಒಂದು ಮಾತು ಕೇಳಿರ್ಲಿಲ್ಲ.

ಆಮೇಲೆ ನಾನು ಹದಿನೈದು ದಿನ ಇದರ ಹಿಂದೆಯೇ ಬಿದ್ದೆ, ಅದರಲ್ಲಿ ಕಲಿತದ್ದು ನಾಲ್ಕು ಜನರಿಗೆ ಉಪಯೋಗ ಆಗ್ಲಿ. ನಂಬರುಗಳೆಲ್ಲ ವಾಪಸ್ ಬಂತು, ಯಾಕಂದ್ರೆ ಅವು ಗೂಗಲ್ ಅಕೌಂಟಲ್ಲಿ ಸೇವ್ ಆಗಿದ್ವು. ಫೋಟೋ ಅರ್ಧ ಬಂತು. ಗೂಗಲ್‌ನವರು 2021ರ ಜೂನ್ 1ರಿಂದ ಫೋಟೋ ಬ್ಯಾಕಪ್ಪನ್ನೂ, ಅಂದ್ರೆ ತಮ್ಮಲ್ಲಿ ಇಟ್ಟುಕೊಳ್ಳುವ ಕಾಪಿಯನ್ನೂ, 15 ಜಿಬಿ ಫ್ರೀ ಜಾಗದ ಲೆಕ್ಕಕ್ಕೇ ಸೇರಿಸಿದ್ದಾರೆ, ಜಿಮೇಲು ಡ್ರೈವು ಎಲ್ಲ ಸೇರಿ ಅಷ್ಟೇ ಜಾಗ, ಅದು ತುಂಬಿದ ದಿನದಿಂದ ಬ್ಯಾಕಪ್ ನಿಂತುಹೋಗಿತ್ತು, ಫೋನ್ ದಿನಾ ನೋಟಿಫಿಕೇಶನ್ ಕೊಡ್ತಿತ್ತು, ಇಂಗ್ಲಿಷಲ್ಲಿ. ಚಿಕ್ಕಮ್ಮ ಅದನ್ನು ದಿನಾ ಬದಿಗೆ ಸರಿಸ್ತಿದ್ರು. ನಾನೂ ಒಂದು ದಿನ ನೋಡ್ಲಿಲ್ಲ, ಅದು ನನ್ನದೇ ತಪ್ಪು. ಹಾಡು ಮಾತ್ರ ಒಂದೂ ಬರ್ಲಿಲ್ಲ. ಗೂಗಲ್ ಫೋಟೋಸ್ ಫೋಟೋ ವಿಡಿಯೋ ಮಾತ್ರ ತಗೊಳ್ತದೆ, ಆಡಿಯೋ ಮುಟ್ಟೂದಿಲ್ಲ, ಇದು ನನಗೂ ಗೊತ್ತಿರ್ಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದ್ರೂ ರೆಕಾರ್ಡರಲ್ಲಿ ಏನಾದ್ರೂ ಇಟ್ಟಿದ್ರೆ ದಯವಿಟ್ಟು ಇವತ್ತೇ ಅದನ್ನು ಡ್ರೈವಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ.

ರಿಕವರಿ ಮಾಡಿಸ್ತೇನೆ ಅಂತ ಒಂದು ಕಡೆ ಹೋದ್ರೆ ಗ್ಯಾರಂಟಿ ಬರ್ತದೆ ಅಂತ 4,000 ಕೇಳಿದ್ರು. ಕೊಡುವ ಮೊದಲು ಲ್ಯಾಮಿಂಗ್ಟನ್ ರೋಡಲ್ಲಿ ಇನ್ನೊಬ್ಬರ ಹತ್ರ ಕೇಳಿದೆ, ಆ ಪುಣ್ಯಾತ್ಮರು ಫೋನ್ ಕೈಗೂ ತಗೊಳ್ಳದೆ ಹೇಳಿದ್ರು, ರಿಸೆಟ್ ಆಗಿದ್ರೆ ಆಸೆ ಬಿಡಿ, ದುಡ್ಡು ಹಾಳು ಮಾಡ್ಬೇಡಿ ಅಂತ. ಈಗಿನ ಫೋನಲ್ಲಿ ಒಳಗಿನ ಎಲ್ಲಾ ಫೈಲೂ ಎನ್‌ಕ್ರಿಪ್ಟ್ ಆಗಿಯೇ, ಅಂದ್ರೆ ಬೀಗ ಹಾಕಿದ ಹಾಗೆ ಕೂತಿರ್ತದೆ, ಅದರ ಬೀಗದಕೈ ಫೋನಿನ ಒಳಗೇ ಇರ್ತದೆ, ರಿಸೆಟ್ ಮಾಡಿದ್ರೆ ಆ ಬೀಗದಕೈಯೇ ಅಳಿಸಿಹೋಗ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದ್ರೂ ಸಿಗೂದಿಲ್ಲ. ಮೆಮೊರಿ ಕಾರ್ಡಿನ ಕತೆ ಬೇರೆ, ಕಾರ್ಡಿಂದ ಡಿಲೀಟ್ ಆದ್ರೆ ಕೂಡ್ಲೇ ಅದನ್ನು ಫೋನಿಂದ ತೆಗೆದಿಡಿ, ಹೊಸ ಫೋಟೋ ಒಂದೂ ತೆಗೀಬೇಡಿ, ಕಂಪ್ಯೂಟರಿಗೆ ಹಾಕಿ ಫೋಟೋರೆಕ್ ಅನ್ನುವ ಫ್ರೀ ಸಾಫ್ಟ್‌ವೇರಲ್ಲಿ ಹುಡುಕಿದ್ರೆ ಎಷ್ಟೋ ಸಲ ಸಿಗ್ತದೆ, ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಸೇವ್ ಮಾಡ್ಬಾರ್ದು ಅಷ್ಟೇ. ಕೈತಪ್ಪಿ ಡಿಲೀಟ್ ಆದ ಫೋಟೋ ಆದ್ರೆ ಮೊದಲು ಗೂಗಲ್ ಫೋಟೋಸಿನ ಟ್ರ್ಯಾಶ್ ನೋಡಿ, ಬ್ಯಾಕಪ್ ಆದದ್ದು 60 ದಿನ ಅಲ್ಲೇ ಇರ್ತದೆ. ಡಿಸ್‌ಪ್ಲೇ ಒಡೆದು ಕಪ್ಪಾದ್ರೆ ಒಳಗಿನದು ಹೋಯ್ತು ಅಂತ ಫೋನ್ ಬಿಸಾಡ್ಬೇಡಿ, ಹೆಚ್ಚಾಗಿ ಡಿಸ್‌ಪ್ಲೇ ಬದಲಿಸಿದ್ರೆ ಎಲ್ಲ ಇದ್ದ ಹಾಗೇ ಸಿಗ್ತದೆ.

ಕೊನೆಗೆ ನಮ್ಮನ್ನು ಉಳಿಸಿದ್ದು ಅಮ್ಮ. ಊರಲ್ಲಿರುವ ಅಕ್ಕನಿಗೆ ಅಂದ್ರೆ ನನ್ನ ಅಮ್ಮನಿಗೆ ಚಿಕ್ಕಮ್ಮ ಆಗಾಗ ಹಾಡು ವಾಟ್ಸಾಪ್ ಮಾಡ್ತಿದ್ರು. ತಮ್ಮನಿಗೆ ಫೋನ್ ಮಾಡಿ, ಅಮ್ಮನ ಮೊಬೈಲಲ್ಲಿ ಫೈಲ್ ಮ್ಯಾನೇಜರ್ ತೆಗೆದು ಆಂಡ್ರಾಯ್ಡ್, ಅದ್ರೊಳಗೆ ಮೀಡಿಯಾ, ಅದ್ರೊಳಗೆ ವಾಟ್ಸಾಪ್, ಅಲ್ಲಿ ಆಡಿಯೋ ಫೋಲ್ಡರ್ ಅಂತ ಒಂದೊಂದೇ ಹೇಳಿ ಹುಡುಕಿಸಿದೆ. ಹದಿನೇಳು ಹಾಡು ಸಿಕ್ತು. ಚಿಕ್ಕಮ್ಮ ಮೊದಲನೆಯದು ಕೇಳಿ ಸೆರಗಲ್ಲಿ ಕಣ್ಣೊರೆಸಿಕೊಂಡ್ರು.

ನನಗೆ ಸಂಕಟ ಆಗೋದು ಏನಂದ್ರೆ, ಆ ಫೋನಿಗೆ ರಿಸೆಟ್ ಬೇಕೇ ಇರ್ಲಿಲ್ಲ. 64 ಜಿಬಿ ಫೋನ್, ಗುಡ್ ಮಾರ್ನಿಂಗ್ ಫೋಟೋ, ದೇವರ ವಿಡಿಯೋ ತುಂಬಿ ಜಾಗ ಇರ್ಲಿಲ್ಲ, ಅದಕ್ಕೇ ಹ್ಯಾಂಗ್. ವಾಟ್ಸಾಪ್ ಸೆಟ್ಟಿಂಗಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತ ಉಂಟು, ಮ್ಯಾನೇಜ್ ಸ್ಟೋರೇಜ್ ಒತ್ತಿದ್ರೆ ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಅಂತ ತೋರಿಸ್ತದೆ, ಅಲ್ಲಿಂದ ಅಳಿಸಿ, ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ಇನ್ನೊಂದು, ಫೋನಿನ ಸೆಟ್ಟಿಂಗಲ್ಲಿ ಒಂದೊಂದು ಆ್ಯಪಿಗೂ ಕ್ಲಿಯರ್ ಕ್ಯಾಶ್ ಮತ್ತು ಕ್ಲಿಯರ್ ಡೇಟಾ ಅಂತ ಎರಡು ಬಟನ್ ಹತ್ತಿರ ಹತ್ತಿರ ಇರ್ತದೆ, ಕ್ಯಾಶ್ ಅಂದ್ರೆ ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲು, ಅದನ್ನು ಅಳಿಸಿದ್ರೆ ತೊಂದರೆ ಇಲ್ಲ, ವಾಟ್ಸಾಪಿನ ಡೇಟಾ ಅಳಿಸಿದ್ರೆ ಬ್ಯಾಕಪ್ ಇಲ್ಲದವರ ಚಾಟ್ ಹೋಗ್ತದೆ.

ಈಗ ಮಳೆಗಾಲ ಬೇರೆ, ಲೋಕಲಿಂದ ಇಳಿಯೋ ಹೊತ್ತಿಗೆ ಬ್ಯಾಗು ಫೋನು ಎಲ್ಲ ಒದ್ದೆ. ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಸಣ್ಣ ಚೂರು ಒಳಗೆ ಹೋಗಿ ಹಾಳಾಗ್ತದೆ ಅಂತ ಆ್ಯಪಲ್‌ನವರೇ ಹೇಳಿದ್ದಾರೆ. ಆಫ್ ಮಾಡಿ, ಸಿಮ್ ತೆಗೆದು, ಚಾರ್ಜಿಂಗ್ ತೂತು ಕೆಳಗೆ ಮಾಡಿ ಮೆಲ್ಲ ತಟ್ಟಿ, ಫ್ಯಾನಿನ ಗಾಳಿಗೆ ಇಡಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕ್ಲೇಬೇಡಿ. ಮತ್ತೆ, ನೆಟ್ಟಲ್ಲಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ ಅವರು ಹೇಳಿದ ಆ್ಯಪ್ ಹಾಕ್ಬೇಡಿ, ಆ ಆ್ಯಪಿಂದ ನಿಮ್ಮ ಸ್ಕ್ರೀನ್ ನೋಡಿಕೊಂಡೇ ಬ್ಯಾಂಕ್ ಖಾಲಿ ಮಾಡುವವರಿದ್ದಾರೆ. ಹಾಗೇನಾದ್ರೂ ಆದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಿಪೇರಿ ಅಂಗಡಿಯವರಲ್ಲಿ ನನ್ನ ಬೇಡಿಕೆ ಇಷ್ಟೇ, ರಿಸೆಟ್ ಮಾಡೋದಾದ್ರೆ ಗಿರಾಕಿಯನ್ನು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಓದುಗರು ಕೂಡ ಫೋನ್ ಕೊಡುವಾಗ ಒಂದು ಚೀಟಿಯಲ್ಲಿ "ರೀಸೆಟ್ ಕರೂ ನಕಾ" (ರಿಸೆಟ್ ಮಾಡ್ಬೇಡಿ) ಅಂತ ಮರಾಠಿಯಲ್ಲಿ ಬರೆದು ಹಿಂದೆ ಅಂಟಿಸಿ ಕೊಡಿ, ನಾನೀಗ ಹಾಗೇ ಮಾಡೋದು. ಮುಂಬಯಿಯ ನಮ್ಮ ಕನ್ನಡ ಸಂಘಗಳು ಭಜನೆ, ತಾಳಮದ್ದಲೆ ಅಂತ ಎಷ್ಟೊಂದು ಕಾರ್ಯಕ್ರಮ ಮಾಡ್ತವೆ, ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕಾಲೇಜು ಮಕ್ಕಳನ್ನು ಕೂರಿಸಿ ಹಿರಿಯರ ಫೋನಿನ ಬ್ಯಾಕಪ್ ಸರಿ ಉಂಟಾ ಅಂತ ನೋಡಿಕೊಟ್ರೆ ದೊಡ್ಡ ಉಪಕಾರ ಆಗ್ತದೆ. ನಿಮ್ಮ ಪತ್ರಿಕೆಯಲ್ಲೂ ವಾರಕ್ಕೊಮ್ಮೆ ಇಂಥದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಸಣ್ಣ ಅಂಕಣ ಬರ್ಲಿ, ಚಿಕ್ಕಮ್ಮ ದಿನಾ ಬೆಳಿಗ್ಗೆ ಪೇಪರ್ ಪೂರ್ತಿ ಓದ್ತಾರೆ.

ಅವರು ಉಳಿದ ಹಾಡುಗಳನ್ನು ಮತ್ತೆ ಹಾಡ್ಲಿಕ್ಕೆ ಶುರು ಮಾಡಿದ್ದಾರೆ. ಸಾಲು ತಪ್ಪಿದಲ್ಲಿ ಊರಿಂದ ಅಮ್ಮ ಫೋನಲ್ಲಿ ಹೇಳಿಕೊಡ್ತಾರೆ, ನಿನ್ನೆಗೆ ಒಂಬತ್ತಾಯ್ತು, ರಾತ್ರಿ ನಾನು ಎರಡು ಕಡೆ ಕಾಪಿ ಮಾಡಿಟ್ಟೆ.

ನಿಮ್ಮ ಓದುಗರಲ್ಲೊಬ್ಬಳು,
ಡೊಂಬಿವಲಿ ಪೂರ್ವ