ನಕ್ಷೆಯನ್ನು ಊರಿನವರ ಮುಂದೆ ಹರಡಿ
ಮಾನ್ಯರೇ,

ದಾವಣಗೆರೆ–ಹರಿಹರದ ಮುಂದಿನ ಇಪ್ಪತ್ತು ವರ್ಷಗಳ ಮಹಾಯೋಜನೆ (ಮಾಸ್ಟರ್ ಪ್ಲಾನ್), ಅಂದರೆ ಯಾವ ಜಾಗ ಮನೆಗೆ, ಯಾವುದು ಹೊಲಕ್ಕೆ, ಯಾವುದು ರಸ್ತೆಗೆ ಎಂದು ಗುರುತಿಸುವ ನಕ್ಷೆ, ಇಲ್ಲಿನ ಜನರನ್ನು ಕೇಳಿಯೇ ತಯಾರಾಗಬೇಕು. ಎರಡೂ ಊರಿನ ನಡುವೆ ಇರುವುದು ಸುಮಾರು 14 ಕಿ.ಮೀ. ಅಷ್ಟೆ. ಆ ಜಾಗವೂ ಬೇಗ ಬೇಗ ತುಂಬುತ್ತಿದೆ.

ಮೊನ್ನೆ ಭದ್ರಾ ನಾಲೆ ಪಕ್ಕದ ಗದ್ದೆಯೊಂದರಲ್ಲಿ ಸೈಟಿನ ಕಲ್ಲು ನೆಟ್ಟಿದ್ದನ್ನು ನೋಡಿದೆ. ಹೋದ ವರ್ಷ ಅಲ್ಲಿ ಭತ್ತ ಇತ್ತು. ಗದ್ದೆಯ ನೀರು ಹರಿದು ಹೋಗುತ್ತಿದ್ದ ಬಸಿಗಾಲುವೆಗೆ ಮಣ್ಣು ಸುರಿದಿದ್ದಾರೆ. ಜೋರು ಮಳೆ ಬಂದರೆ ಆ ನೀರು ಎಲ್ಲಿಗೆ ಹೋಗಬೇಕು? ಯಾವ ಹಳ್ಳ ಎಲ್ಲಿ ತುಂಬಿ ಹರಿಯುತ್ತದೆ ಎಂಬುದು ಪಕ್ಕದ ಹೊಲದವರಿಗೆ ಚೆನ್ನಾಗಿ ಗೊತ್ತು. ಕಚೇರಿಯಲ್ಲಿ ಕೂತು ಗೆರೆ ಎಳೆಯುವವರು ಅವರನ್ನು ಒಂದು ಮಾತು ಕೇಳಬೇಕಲ್ವಾ?

ಕರಡು ಯೋಜನೆಗೆ ಜನರ ಆಕ್ಷೇಪಣೆ, ಸಲಹೆ ಕರೆಯಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳುತ್ತದೆ. ಆದರೆ ಸುಮ್ನೆ ಪ್ರಕಟಣೆ ಹೊರಡಿಸಿದರೆ ರೈತರಿಗೆ, ಕೂಲಿಯವರಿಗೆ ತಲುಪುವುದಿಲ್ಲ. ನಾನು ಓದು ಬಲ್ಲವನು. ಹಿಂದೊಮ್ಮೆ ಇಂಥದ್ದೇ ನಕ್ಷೆ ನೋಡಿದಾಗ ನಮ್ಮ ಸರ್ವೆ ನಂಬರ್ ಹುಡುಕಲು ನನಗೇ ಅರ್ಧ ಗಂಟೆ ಬೇಕಾಯಿತು.

ಹಾಗಾಗಿ ನಗರಾಭಿವೃದ್ಧಿ ಪ್ರಾಧಿಕಾರವು ಪ್ರತಿ ವಾರ್ಡ್ ಮತ್ತು ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ಭಾನುವಾರ ಸಭೆ ನಡೆಸಲಿ. ಸರ್ವೆ ನಂಬರ್, ಕೆರೆ, ಹಳ್ಳ, ನಾಲೆಗಳೆಲ್ಲ ಕಾಣುವಂತೆ ದೊಡ್ಡ ನಕ್ಷೆಯನ್ನು ಕನ್ನಡದಲ್ಲೇ ಗೋಡೆಗೆ ಹಾಕಲಿ. ಬಂದ ಪ್ರತಿ ಆಕ್ಷೇಪಣೆಗೂ, ಒಪ್ಪಿದರೂ ಬಿಟ್ಟರೂ, ಕಾರಣ ಬರೆದು ಉತ್ತರ ಕೊಡಲಿ.

– ಓದುಗ, ದಾವಣಗೆರೆ