ಉಬ್ಬಿದ ಮೀನಿನ ಟಿನ್: ಗುಂಡಿಗೆ ಹಾಕುವ ಮೊದಲು ಬ್ಯಾಚ್ ನೋಡಿ

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಶಿರಾಡಿ, ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ ಸಕಲೇಶಪುರ, ಮೂಡಿಗೆರೆಗೆ ಹಸಿಮೀನು ಬರುವುದೇ ಕಷ್ಟ. ಒಣಮೀನಿನ ಜೊತೆಗೆ ಟಿನ್ ಮೀನೂ ಬಿಕರಿಯಾಗುವ ಕಾಲವಿದು. ತೇವದ ಗೋದಾಮಿನಲ್ಲಿ ಟಿನ್ನಿಗೆ ತುಕ್ಕು ಹತ್ತುವುದೂ ಆಗಲೇ.

ಕೆಟ್ಟ ಮಾಲು ಜಪ್ತಿಯಾದ ದಿನವೇ ಜೆಸಿಬಿ ತರಿಸಿ ಹೂತು ಫೋಟೊ ತೆಗೆಸಿದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ಹಸಿಮೀನಿಗೆ ಅದು ಸರಿ. ಆಹಾರ ಸುರಕ್ಷತಾ ಕಾಯ್ದೆ, 2006ರ 38ನೇ ಸೆಕ್ಷನ್ ಬೇಗ ಕೊಳೆಯುವ ವಸ್ತುವನ್ನು ಲಿಖಿತ ನೋಟಿಸ್ ಕೊಟ್ಟು ನಾಶಪಡಿಸಲು ಅವಕಾಶ ಕೊಡುತ್ತದೆ. ಮುಚ್ಚಿದ ಟಿನ್ನಿಗೆ ಆ ಅವಸರವಿಲ್ಲ. ಹೂತರೆ ಸಾಕ್ಷ್ಯವೂ ಮಣ್ಣಾಗುತ್ತದೆ.

ಮೊದಲು ಮುಚ್ಚಳದ ಮೇಲೆ ಅಚ್ಚಾದ ಬ್ಯಾಚ್ ಸಂಖ್ಯೆ, ತಯಾರಿಕಾ ದಿನಾಂಕಗಳನ್ನು ಮಹಜರಿನಲ್ಲಿ ಬರೆಯಬೇಕು. ಆಮೇಲೆ ಉಬ್ಬಿದ್ದು, ಸೋರಿದ್ದು, ತುಕ್ಕು ಹಿಡಿದಿದ್ದು, ನೋಡಲು ಸರಿಯಿರುವುದು ಎಂದು ಬೇರೆ ಮಾಡಬೇಕು. ಉಬ್ಬಿದವೆಲ್ಲ ಒಂದೇ ಬ್ಯಾಚಿನವಾದರೆ ಅನುಮಾನ ಕಾರ್ಖಾನೆಯ ಮೇಲೆ: ಕಾಯಿಸಿದ್ದು ಸಾಲದೆ ಬ್ಯಾಕ್ಟೀರಿಯಾದ ಬೀಜಕಗಳು (ಬಿಸಿ ತಡೆಯುವ ಸುಪ್ತ ರೂಪ) ಉಳಿದು, ಬೆಳೆದು ಒಳಗೆ ಅನಿಲ ತುಂಬಿರಬಹುದು, ಇಲ್ಲವೇ ಮುಚ್ಚಳವನ್ನು ಡಬ್ಬಿಗೆ ಕೂಡಿಸುವ ಅಂಚಿನ ಮಡಿಕೆ ಸರಿಯಾಗಿ ಕೂತಿರಲಿಕ್ಕಿಲ್ಲ. ನಾಲ್ಕಾರು ಬ್ಯಾಚುಗಳಲ್ಲಿ ಅಲ್ಲೊಂದು ಇಲ್ಲೊಂದು ಉಬ್ಬಿದ್ದರೆ ಸಾಗಣೆಯ ಪೆಟ್ಟು, ತುಕ್ಕಿನ ತೂತು. ಮೊದಲನೆಯದಾದರೆ ಅದೇ ಬ್ಯಾಚು ಅರಸೀಕೆರೆಯ ಅಂಗಡಿಯಲ್ಲೂ ಇರಬಹುದು. ಇಲ್ಲಿ ಹೂತು ಅಲ್ಲಿ ಮಾರಲು ಬಿಟ್ಟಂತೆ.

ಕಾಯ್ದೆ ಹೇಳುವುದು ಮಾದರಿಯ ನಾಲ್ಕು ಭಾಗ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಯ (ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತವರ) ಬಳಿಗೆ, ನಾಲ್ಕನೆಯದು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ಒಂದೇ ಟಿನ್ ಒಡೆದು ನಾಲ್ಕು ಪಾಲು ಮಾಡಿದರೆ ಹೊರಗಿನ ಗಾಳಿ, ಕೈ ತಗುಲಿ ಸೂಕ್ಷ್ಮಾಣು ಪರೀಕ್ಷೆ ಕೆಟ್ಟಿತು. ಪ್ರತಿ ಭಾಗಕ್ಕೂ ಒಂದೇ ಬ್ಯಾಚಿನ ಒಡೆಯದ ಟಿನ್ನುಗಳೇ ಬೇಕು. ವರದಿಗೆ 14 ದಿನ, ಅದರ ಮೇಲೆ ಮೇಲ್ಮನವಿಗೆ 30 ದಿನ. ಅಲ್ಲಿಯವರೆಗೂ ಮಾಲು ಸೀಲಿನಲ್ಲಿರಬೇಕು. ಉಬ್ಬಿದವು ಒಡೆದು ಸಿಡಿಯಬಹುದು, ತಂಪಾದ ಜಾಗದಲ್ಲಿ ಬೇರೆಯಾಗಿಡಿ. ಸೀಲು ಮುರಿದು ಜಪ್ತಿ ಮಾಲಿಗೆ ಕೈಹಾಕುವುದು 60ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಅಪರಾಧ.

ಉಬ್ಬದ ಟಿನ್ನೆಲ್ಲ ಒಳ್ಳೆಯದೂ ಅಲ್ಲ. ಬೂತಾಯಿ, ಬಂಗುಡೆ, ಟ್ಯೂನಾ ಹಿಡಿದ ಮೇಲೆ ಐಸು ಸಾಲದಿದ್ದರೆ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಆಗುತ್ತದೆ. ಕಾರ್ಖಾನೆಯ ಬಿಸಿಗೂ ಮನೆಯ ಒಲೆಗೂ ಅದು ಹೋಗದು. ಮಾದರಿ ಕಳಿಸುವಾಗಲೇ ಈ ಪರೀಕ್ಷೆಯನ್ನೂ ಹೆಸರಿಸಿ ಕೇಳಬೇಕು.

ಕೊಳ್ಳುವವರು ಟಿನ್ನಿನ ಎರಡೂ ತುದಿ ಒತ್ತಿ ನೋಡಿ. ಒಂದು ಕಡೆ ಒಳಹೋಗಿ ಇನ್ನೊಂದು ಕಡೆ ಉಬ್ಬಿದರೆ ಬೇಡ. ಬಾಟುಲಿನಂ ವಿಷಕ್ಕೆ ವಾಸನೆಯೇ ಇಲ್ಲದಿರಬಹುದು, ಆದ್ದರಿಂದ ರುಚಿ ನೋಡುವ ಸಾಹಸವೂ ಬೇಡ. 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಅದನ್ನು ತಿಳಿಸಿರಬೇಕು. ದೋಷ ಕಂಡುಬಂದರೆ ಶುಲ್ಕ ವಾಪಸ್.

– ನಿವೃತ್ತ ಆಹಾರ ತಂತ್ರಜ್ಞ, ಹಾಸನ