ನಮ್ಮ ಟೇಬಲ್‌ನಲ್ಲಿ ಇನ್ಮೇಲೆ ಶರಣಾಗೋಕೂ ಜಾಗ ಇರತ್ತೆ

ಎಲ್ರಿಗೂ ನಮಸ್ಕಾರ,

ಮುಂದಿನ ತಿಂಗಳಿಂದ ನಮ್ಮ ಶನಿವಾರ, ಭಾನುವಾರದ ರೋಲ್‌ಪ್ಲೇಯಿಂಗ್ ಟೇಬಲ್‌ಗಳಲ್ಲಿ (ಡಂಜನ್ಸ್ ಅಂಡ್ ಡ್ರಾಗನ್ಸ್ ಥರ, ಒಬ್ಬೊಬ್ರು ಒಂದೊಂದು ಪಾತ್ರವಾಗಿ ಡೈಸ್ ಹಾಕ್ತಾ ಕಥೆ ಆಡೋ ಟೇಬಲ್‌ಗಳು) ಒಂದು ಬದಲಾವಣೆ ಮಾಡ್ತಿದೀವಿ. ಫೀಸ್ ಅದೇ, ಟೈಮೂ ಅದೇ. ಬದಲಾಗ್ತಿರೋದು ಆಟದೊಳಗಿನ ವಿಷಯ, ಗೆಲ್ಲೋಕೆ ಸಾಧ್ಯನೇ ಇಲ್ಲದ ಕಡೆ ನಿಮ್ಮ ಪಾರ್ಟಿ, ಅಂದ್ರೆ ಪಾತ್ರಗಳ ತಂಡ, ಸಿಕ್ಕಾಕೊಂಡ್ರೆ ಶರಣಾಗಬಹುದು, ಶರಣಾದ್ರೆ ಮುಂದೆ ಏನು ಅಂತ ಆಟ ನಡೆಸೋ ಡಿಎಂ (ಡಂಜನ್ ಮಾಸ್ಟರ್) ಮೊದಲೇ ನಿಮ್ಮ ಜೊತೆ ಮಾತಾಡಿರ್ತಾರೆ. ಇದನ್ನ ಯಾಕೆ ಮಾಡ್ತಿದೀವಿ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ದಯವಿಟ್ಟು ಓದಿ.

ಎರಡು ತಿಂಗಳ ಹಿಂದೆ ಭಾನುವಾರದ ಟೇಬಲ್‌ನಲ್ಲಿ ಐದು ಜನ ಆಡ್ತಿದ್ರು, ಎಲ್ಲಾ ನಾಲ್ಕನೇ ಲೆವೆಲ್. ಒಂದು ಕಣಿವೆ, ಕಿರಿದಾದ ಸೇತುವೆ, ಆಚೆ ಕೋಟೆ ಗೋಡೆ ಮೇಲೆ ನಲವತ್ತು ಜನ ಬಿಲ್ಲುಗಾರರು. ಅವರ ದಳಪತಿ "ಆಯುಧ ಕೆಳಗಿಡಿ" ಅಂತ ಎರಡು ಸಲ ಕೂಗಿದ. ಯಾರೂ ಇಡ್ಲಿಲ್ಲ. ನಲವತ್ತು ಬಾಣದಲ್ಲಿ ಕಾಲು ಭಾಗ ತಗುಲಿದ್ರೂ ಹತ್ತು, ಒಂದೊಂದಕ್ಕೆ ಐದು ಎಚ್‌ಪಿ (ಪಾತ್ರದ ಪ್ರಾಣದ ಅಂಕ) ಹೋಗತ್ತೆ ಅಂದ್ರೂ ಒಂದು ಸುತ್ತಿಗೆ ಐವತ್ತು, ನಾಲ್ಕನೇ ಲೆವೆಲ್ ಫೈಟರ್ ಹತ್ರ ಇರೋದೇ ಮೂವತ್ತಾರೋ ಏನೋ ಎಚ್‌ಪಿ. ಮೂರು ಸುತ್ತಲ್ಲಿ ಎಲ್ರೂ ನೆಲಕ್ಕೆ. ಕೊನೇಲಿ ಉಳಿದಿದ್ದು ಒಬ್ಬಳು ಕಾಲೇಜ್ ಹುಡುಗಿಯ ಕ್ಲೆರಿಕ್ (ಪೂಜಾರಿ ಥರದ ಪಾತ್ರ), ಎಂಟು ತಿಂಗಳಿಂದ ಆಡಿಸ್ಕೊಂಡು ಬಂದಿದ್ದ ಕ್ಯಾರೆಕ್ಟರ್. ಡೆತ್ ಸೇವ್‌ಗೆ, ಅಂದ್ರೆ ನೆಲಕ್ಕೆ ಬಿದ್ದವರು ಸಾಯದೆ ಉಳಿಯೋಕೆ ಹಾಕೋ ಡೈಸ್‌ಗೆ, ಹತ್ತು ಅಥವಾ ಮೇಲೆ ಬೀಳ್ಬೇಕು, ಬಿದ್ದಿದ್ದು ನಾಲ್ಕು, ಒಂಬತ್ತು, ಆರು, ಕ್ಲೆರಿಕ್ ಸತ್ತೋಯ್ತು. ಆಕೆ ಏನೂ ಮಾತಾಡ್ಲಿಲ್ಲ, ಎಚ್‌ಪಿ ಬರೆಯೋ ಜಾಗದಲ್ಲಿ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿದ್ದ ಕ್ಯಾರೆಕ್ಟರ್ ಶೀಟನ್ನ ನಾಲ್ಕು ಮಡಿಕೆ ಮಾಡಿ ಬ್ಯಾಗಲ್ಲಿಟ್ಕೊಂಡು ಹೋದ್ರು. ಆಮೇಲೆ ಟೇಬಲ್‌ಗೆ ಬಂದಿಲ್ಲ.

ಅವತ್ತು ರಾತ್ರಿ ಉಳಿದವರನ್ನ ಕೂರಿಸ್ಕೊಂಡು ಕೇಳಿದ್ವಿ, ಯಾಕೆ ಶರಣಾಗ್ಲಿಲ್ಲ ಅಂತ. ಒಬ್ರು ಹೇಳಿದ್ರು, "ಡಿಎಂ ಎದುರಿಗೆ ತಂದಿಟ್ಟಿದಾರೆ ಅಂದ್ಮೇಲೆ ಗೆಲ್ಲೋ ದಾರಿ ಇರ್ಲೇಬೇಕಲ್ವಾ". ನಮ್ಮ ಡಿಎಂ ಮುಖ ಸಪ್ಪಗಾಯ್ತು, ಅವರು ನಲವತ್ತು ಜನನ್ನ ಇಟ್ಟಿದ್ದೇ ಇವರು ಶರಣಾಗ್ಲಿ, ಕೋಟೆ ಒಳಗೆ ಹೋಗ್ಲಿ ಅಂತ. ಇನ್ನೊಬ್ರು ಹೇಳಿದ್ದು ನಮ್ಮ ಮನಸ್ಸಿಂದ ಇವತ್ತಿಗೂ ಹೋಗಿಲ್ಲ: "ಶರಣಾದ್ರೆ ಸಾಮಾನೆಲ್ಲ ಕಿತ್ಕೊಂಡು ಜೈಲಿಗೆ ಹಾಕ್ತಾರೆ, ಎರಡು ಸೆಷನ್ ಸುಮ್ನೆ ಕೂತ್ಕೋಬೇಕು, ಅದಕ್ಕಿಂತ ಸಾಯೋದೇ ವಾಸಿ ಸಾರ್, ಹೊಸ ಕ್ಯಾರೆಕ್ಟರಾದ್ರೂ ಸಿಗತ್ತೆ."

ಅಂದ್ರೆ ಅದು ಧೈರ್ಯದ ಮಾತಲ್ಲ, ನಂಬಿಕೆ ಮಾತು. ಸತ್ರೂ ಆ ಕ್ಯಾರೆಕ್ಟರ್ ನಂದೇ, ಕೈಗೆ ಕೋಳ ಬಿತ್ತು ಅಂದ್ರೆ ನಂದಲ್ಲ ಅನ್ನೋ ಭಯ. ಆ ಭಯ ಹುಟ್ಸಿದ್ದು ನಾವೇ, ನಮ್ಮ ಟೇಬಲ್‌ಗಳಲ್ಲಿ ಇಷ್ಟು ವರ್ಷ ಸೆರೆ ಸಿಕ್ಕವರಿಗೆ ಮಾಡೋಕೆ ಏನೂ ಕೊಟ್ಟೇ ಇರ್ಲಿಲ್ಲ.

ಎದುರಾಳಿಗಳೂ ಹಾಗೇ ಆಗೋಗಿದಾರೆ, ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸ ಕೂಡ ಕೊನೇ ಎಚ್‌ಪಿ ತನಕ ಹೊಡೆದಾಡ್ತಾನೆ. ಮೊದಲು ಹೀಗಿರ್ಲಿಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದಿದ್ದು 1974ರಲ್ಲಿ, 1981ರ ಬೇಸಿಕ್ ರೂಲ್ಸಲ್ಲಿ ಪ್ರತಿ ದೈತ್ಯನಿಗೂ 2ರಿಂದ 12ರ ತನಕ ಒಂದು ಮೊರೇಲ್ (ಎದೆಗಾರಿಕೆ) ನಂಬರ್ ಇತ್ತು, ಅವರ ಕಡೆ ಮೊದಲನೇವ್ನು ಸತ್ತಾಗ ಒಂದ್ಸಲ, ಅರ್ಧ ಜನ ಬಿದ್ದಾಗ ಇನ್ನೊಂದ್ಸಲ ಎರಡು ಡೈಸ್ ಹಾಕೋದಿತ್ತು, ಆ ನಂಬರ್‌ಗಿಂತ ಜಾಸ್ತಿ ಬಿದ್ರೆ ಓಡೋಗೋದು ಇಲ್ಲಾ ಶರಣಾಗೋದು. 2014ರ ಐದನೇ ಎಡಿಷನ್‌ನಲ್ಲಿ ಇಂಥದ್ದೇ ಒಂದು ಬೇಕಾದ್ರೆ ಬಳಸಿ ಅನ್ನೋ ರೂಲ್ ಡಿಎಂ ಪುಸ್ತಕದಲ್ಲಿ ಉಳ್ಕೊಂಡಿದೆ, ನಾವಂತೂ ಬಳಸ್ತಿರ್ಲಿಲ್ಲ. ಎದುರಿನವರು ಯಾವತ್ತೂ ಸೋಲೊಪ್ಪದೆ ಇದ್ರೆ ಆಡೋರು ತಾವು ಒಪ್ಪೋದನ್ನ ಎಲ್ಲಿಂದ ಕಲೀತಾರೆ ಹೇಳಿ.

ಹಾಗಾಗಿ ಮೊದಲನೇದಾಗಿ ಆ ಮೊರೇಲ್ ರೂಲ್ ವಾಪಸ್ ತರ್ತಿದೀವಿ. ನಿಮ್ಮ ಮುಂದೆ ಮಂಡಿಯೂರಿದವನನ್ನ ಏನು ಮಾಡ್ತೀರಿ ಅನ್ನೋದೂ ಇನ್ಮೇಲೆ ಆಟನೇ, ಮತ್ತೆ ನೀವು ಸೆರೆಯವರನ್ನ ಹೇಗೆ ನಡೆಸ್ಕೊಂಡ್ರಿ ಅನ್ನೋ ಸುದ್ದಿ ಆ ಸೀಮೇಲೆಲ್ಲ ಹಬ್ಬತ್ತೆ, ನಿಮ್ಮ ಸರದಿ ಬಂದಾಗ ಅದು ಲೆಕ್ಕಕ್ಕೆ ಬರತ್ತೆ.

ಎರಡನೇದು, ಇದೇ ಮುಖ್ಯ: ಆಟದೊಳಗಿನ ಕಾಳಗ ನಿಮ್ಮ ಕೈ ಮೀರಿದ್ದು ಅಂತಿದ್ರೆ ಡಿಎಂ ಕಥೆಯಿಂದ ಹೊರಗೆ ಬಂದು ನೇರವಾಗಿ ಒಂದು ಸಲ ಹೇಳ್ತಾರೆ. ಎದುರಾಳಿ ಡೈಸ್ ಹಾಕೋ ಮುಂಚೆ ಯಾವಾಗ ಬೇಕಾದ್ರೂ ನೀವು "ಶರಣು" ಅನ್ನಬಹುದು, ಅಂದ ಕೂಡಲೇ ಡೈಸ್ ಪಕ್ಕಕ್ಕಿಟ್ಟು ಚೌಕಾಸಿ ಶುರು. ಇದನ್ನ ನಾವು ಫೇಟ್ ಅನ್ನೋ ಇನ್ನೊಂದು ರೋಲ್‌ಪ್ಲೇಯಿಂಗ್ ಆಟದಿಂದ ತಗೊಂಡಿದೀವಿ, ಅದರಲ್ಲಿ ಡೈಸ್ ಬೀಳೋ ಮುಂಚೆ ಸೋಲೊಪ್ಕೊಂಡವರಿಗೆ ಹೇಗೆ ಸೋಲ್ತೀವಿ ಅನ್ನೋದರಲ್ಲಿ ಮಾತು ಇರತ್ತೆ, ಮೇಲಿಂದ ಮುಂದೆ ನೆರವಿಗೆ ಬಳಸೋಕೆ ಒಂದು ಫೇಟ್ ಪಾಯಿಂಟೂ ಸಿಗತ್ತೆ. ನಮ್ಮಲ್ಲಿ ಶರಣಾದವರನ್ನ ಆ ಸೆಷನ್‌ನಲ್ಲಿ ಕೊಲ್ಲೋದಿಲ್ಲ, ಮುಂದಿನ ಸೆಷನ್ ಮುಗಿಯೋದರೊಳಗೆ ಹೊರಗೆ ಬರೋಕೆ ಒಂದು ದಾರಿನಾದ್ರೂ ನಿಮ್ಮ ಕೈಯಲ್ಲಿರತ್ತೆ, ಸುಮ್ನೆ ಕೂರಿಸೋದಂತೂ ಇಲ್ವೇ ಇಲ್ಲ.

ನಮ್ಮ ಡಿಎಂಗಳಲ್ಲೇ ಒಬ್ರು ಇದನ್ನ ಬಲವಾಗಿ ವಿರೋಧಿಸಿದ್ರು, ಶರಣಾದ್ರೆ ಸೇಫ್ ಅಂತ ಗೊತ್ತಾದ್ರೆ ಕತ್ತಿ ಮುಂದೆ ನಿಂತಾಗ ಎದೆ ಯಾಕೆ ಹೊಡ್ಕೊಳತ್ತೆ ಅಂತ. ಅವರ ಮಾತಲ್ಲಿ ಹುರುಳಿದೆ. ಅದಕ್ಕೇ ಶರಣಾಗೋಕೆ ಬೆಲೆ ಇರತ್ತೆ, ಸಣ್ಣ ಬೆಲೆ ಅಲ್ಲ. ಮೈಸೂರಲ್ಲಿ ಕೂತು ಆಡೋ ನಮಗೆ ಉದಾಹರಣೆ ಹುಡುಕ್ಕೊಂಡು ದೂರ ಹೋಗ್ಬೇಕಾಗಿಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಟಿಪ್ಪು ಒಪ್ಪಂದಕ್ಕೆ ಬಂದ, ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಅದು ತೀರೋ ತನಕ ಇಬ್ಬರು ಮಕ್ಕಳು ಒತ್ತೆ. ಮಕ್ಕಳು 1794ರಲ್ಲಿ ವಾಪಸ್ ಬಂದ್ರು. ಅದೇ ಕೋಟೇಲಿ 1799ರ ಮೇ 4ಕ್ಕೆ ಟಿಪ್ಪು ಹೋರಾಡ್ತಾ ಸತ್ತ. ಒಬ್ಬನೇ ಮನುಷ್ಯ, ಎರಡು ಥರದ ಕೊನೆ, ಮತ್ತೆ ಮೊದಲನೇ ಸಲ ಕೊಟ್ಟಿದ್ದೇನು ಕಮ್ಮಿ ಅಲ್ಲ. ನಮ್ಮ ಟೇಬಲ್‌ನಲ್ಲೂ ಒತ್ತೆ ಕೇಳ್ತಾರೆ, ದಂಡ ಕೇಳ್ತಾರೆ, ನಿಮ್ಮ ಅಜ್ಜನ ಕತ್ತಿ ಕೇಳ್ತಾರೆ, ಯಾವುದು ಕೊಡ್ತೀರಿ ಅಂತ ನೀವು ನೀವೇ ಜಗಳ ಆಡ್ಕೋಬೇಕು.

ಸಾಯ್ತೀನಿ ಅನ್ನೋರಿಗೆ ಅಡ್ಡ ಬರಲ್ಲ. ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ವೀರಗಲ್ಲು ನೋಡಿರ್ತೀರಿ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ವೀರ ಕೂತಿರೋದು. ತುರು (ದನ) ಬಿಡ್ಸೋಕೆ ಹೋಗಿ ಸತ್ತಂಥವರ ನೆನಪಿಗೆ ನಿಲ್ಸಿರೋ ಕಲ್ಲುಗಳು ಅವು. ಹಿಂದಿರೋರು ತಪ್ಪಿಸ್ಕೊಳ್ಳಲಿ ಅಂತ ಒಬ್ರು ಸೇತುವೆ ಮೇಲೆ ನಿಂತ್ರೆ ಅದಕ್ಕೆ ನಾವು ಕೈ ಮುಗಿತೀವಿ, ಆ ಸಾವನ್ನ ಡಿಎಂ ಕಥೆಯಲ್ಲಿ ಉಳಿಸ್ತಾರೆ. ಬೇರೆ ದಾರಿ ಇದೆ ಅಂತಾನೇ ಗೊತ್ತಿಲ್ಲದೆ ಸಾಯೋದು ಬೇಡ, ಅಷ್ಟೇ.

ಈಗಾಗ್ಲೇ ಬುಕ್ ಮಾಡಿರೋರಿಗೆ ಇದು ಇಷ್ಟ ಆಗ್ದಿದ್ರೆ ತಿಂಗಳ ಕೊನೆಯೊಳಗೆ ತಿಳಿಸಿ, ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ. ಹೊಸ ರೂಲ್ ಶುರುವಾಗೋ ವಾರ ಪ್ರತಿ ಟೇಬಲ್‌ನಲ್ಲೂ ಮೊದಲ ಅರ್ಧ ಗಂಟೆ ಇದರ ಬಗ್ಗೆನೇ ಮಾತು, ಸೆರೆ ಅನ್ನೋ ವಿಷಯನೇ ಆಟದಲ್ಲಿ ಬೇಡ ಅನ್ನೋರು ಅವತ್ತು ಹೇಳಿ, ಕಾರಣ ಕೇಳಲ್ಲ.

ಭಾನುವಾರದ ಆ ಐದೂ ಜನಕ್ಕೆ ಫೋನ್ ಮಾಡಿ ಕ್ಷಮೆ ಕೇಳಿದೀವಿ. ಎಲ್ರೂ ಒಪ್ಪಿದ್ರೆ ಆಟನ ಸೇತುವೆ ಮೇಲೆ, ದಳಪತಿ ಎರಡನೇ ಸಲ ಕೂಗಿದ ಜಾಗದಿಂದ ಮತ್ತೆ ಶುರು ಮಾಡ್ತೀವಿ ಅಂತ ಹೇಳಿದೀವಿ. ಕ್ಲೆರಿಕ್ ಆಡ್ತಿದ್ದ ಆ ಹುಡುಗಿಯ ಶೀಟ್ ಇನ್ನೂ ಬ್ಯಾಗಲ್ಲೇ ಇದೆ, ಯೋಚನೆ ಮಾಡಿ ಹೇಳ್ತೀನಿ ಅಂದಿದಾರೆ.

ಇಂತಿ,
ನಿಮ್ಮ ಗೇಮ್ ಟೇಬಲ್ ಬಳಗ, ಮೈಸೂರು